ಅಕ್ಷರಕ್ಕೆ ಇಷ್ಟೆಂದು

ಜೂಜು ನನಗೆ ಒಗ್ಗದು. ನನ್ನದು ಅಕ್ಷರದ ಲೆಕ್ಕ.
ಆಗಸ್ಟಿನ ಆ ಭಾನುವಾರ, ಆರು ಫರ್ಲಾಂಗು ಮುಗಿದು
ಹರಿದ ಟಿಕೆಟ್ಟುಗಳನ್ನು ಗುಡಿಸುವವರು ಗುಡಿಸುತ್ತಿರುವಾಗ
ಏಣಿ ಹೊತ್ತು ಬರುತ್ತೇನೆ.
ಅಡಿರಾಂಡಾಕ್ ಬೆಟ್ಟದ ಕಡೆಯಿಂದ ಆಗಲೇ ತಣ್ಣನೆ ಗಾಳಿ.

ಎರಡು ವರ್ಷದ ಹೆಣ್ಣುಮರಿಗಳ ಓಟ. ನೂರ ಮೂವತ್ತೊಂದನೆಯದು.
ಹಸಿರು ಹಲಗೆ, ಬಂಗಾರದ ಬಣ್ಣ, ವರ್ಷಕ್ಕೊಂದು ಹೆಸರು.
ಮೊದಲ ನಲವತ್ತು ಯಾರ ಕೈಯೋ ತಿಳಿಯದು.
ಆಮೇಲಿನ ಐವತ್ತು ನನ್ನಪ್ಪ ಕಾರ್ನೀಲಿಯಸ್ ವೋರ್ಹೀಸ್‌ನವು.
ಅವನ ಎಸ್ ಅಕ್ಷರಕ್ಕೆ ಹಂಸದ ಕೊರಳು.
ನನ್ನದಕ್ಕೆ ಸೊಂಟನೋವು.

ಹೆಸರಿಗೂ ಇಲ್ಲಿ ಕಡಿವಾಣ:
ನಡುವಿನ ಖಾಲಿಜಾಗ ಸೇರಿ ಹದಿನೆಂಟು ಮೀರಬಾರದು.
ಅಷ್ಟರೊಳಗೇ ತಂದೆಯ ಕುಲ, ತಾಯಿಯ ಕುಲ,
ಒಡೆಯನ ಹೆಂಡತಿಯ ಮುನಿಸು, ಎಲ್ಲ ತುರುಕಬೇಕು.
ಟಿನ್ ಥಿಂಬಲ್: ಬೇಗ ಮನೆ ಸೇರಿದೆ.
ವಿಡೋ ವ್ಯಾನ್ ಆಂಟ್ವರ್ಪ್: ಕತ್ತಲಾಯಿತು,
ದೀಪ ಹಿಡಿದ ಹುಡುಗನಿಗೆ ಆಕಳಿಕೆ.

ಒಂದು ಕಡೆ ಎರಡು ಸಾಲು ಹೆಸರಿಲ್ಲ, ಬರೀ ಗೆರೆ.
ಯುದ್ಧ. ಓಟವಿಲ್ಲ.
ಮರಿಗಳು ಮಾತ್ರ ಹುಟ್ಟಿದ್ದವು, ಎರಡು ತುಂಬಿದ್ದವು,
ಯಾರೂ ಕೂಗದ ಬಯಲಲ್ಲಿ ತಾವಾಗಿ ಓಡಿ, ತಾವಾಗಿ ನಿಂತು
ಹುಲ್ಲು ಮೇಯುತ್ತ ಮೂರಾದವು.
ಗೆರೆಗೂ ಅಪ್ಪ ಒಂದಕ್ಷರದ ಕೂಲಿ ಕೇಳಿ ಪಡೆದನಂತೆ.

ಈ ಸಲ ಗೆದ್ದವಳದು ಹನ್ನೊಂದು.
ಎರಡು ಮುಗಿಸುವಷ್ಟರಲ್ಲಿ ಏಣಿಯ ಬುಡಕ್ಕೆ ಇಗ್ನೇಸಿಯಾ ಕೂಮೆಸ್,
ಏಳನೆಯ ಲಾಯದವಳು, ಗ್ವಾಟೆಮಾಲಾದ ಹೆಂಗಸು,
ನಸುಕಿನ ನಾಲ್ಕಕ್ಕೆ ಕಾಲುಗಳಿಗೆ ಪಟ್ಟಿ ಸುತ್ತುತ್ತ
ತನ್ನೂರಿನ ಮಾತಲ್ಲೇ ಗದರುವವಳು.
ಕುದುರೆಗಳಿಗೆ ಅದು ತಿಳಿಯುತ್ತದೆ. ನಮಗಿಲ್ಲ.

ಅವಳ ಮರಿ ನಾಲ್ಕನೆಯದು.
ತಿರುವಿನ ತನಕ ನಾಗಾಲೋಟ, ಎಲ್ಲರಿಗಿಂತ ಮುಂದೆ;
ಆಮೇಲೆ ತಲೆಯೆತ್ತಿ ನೋಡಿಬಿಟ್ಟಳು
ಅಷ್ಟು ಜನ, ಅಷ್ಟು ಟೋಪಿ, ಅಷ್ಟು ಬಾಯಿ.
ಸೋತಳು ಎಂದರು. ಬೆರಗಾದಳು, ಅಷ್ಟೆ.

ಇಗ್ನೇಸಿಯಾ ಅಂಗೈ ಬಿಚ್ಚಿದಳು: ಹಲ್ಲು.
ಹಾಲುಹಲ್ಲು. ಬೆಳಿಗ್ಗೆ ಓಟ್ಸ್ ಬಕೆಟ್ಟಿನ ತಳದಲ್ಲಿ ಸಿಕ್ಕಿತಂತೆ.
ಹುಟ್ಟಿದ್ದು ಫೆಬ್ರವರಿಯ ಹಿಮದಲ್ಲಿ; ಕಾಗದದ ಮೇಲೆ
ಎಲ್ಲರಿಗೂ ಒಂದೇ ಹುಟ್ಟುಹಬ್ಬ, ಜನವರಿ ಒಂದು.
ಕೊಳ್ಳುವ ದಿನ ಬಾಯಿ ತೆರೆಸಿ ಹಲ್ಲು ಎಣಿಸಿದ್ದರು.
ಬಿದ್ದದ್ದನ್ನು ಎಣಿಸಲು ಯಾರೂ ಬಂದಿಲ್ಲ.

"ಇವರೆಲ್ಲ ಆಮೇಲೆ ಏನಾದರು?" ಕೇಳಿದಳು.
ಕುಂಚದ ಹಿಡಿಯಿಂದ ತೋರಿಸಿದೆ.
ಇವಳು ಹದಿಮೂರು ಹೆತ್ತಳು.
ಇವಳ ಮೊಮ್ಮಗಳು ಅಗೋ, ಆ ಕೊನೆಯ ಸಾಲಲ್ಲಿ.
ಇವಳು ಮರುವರ್ಷ ಕಾಲು ಮುರಿದು
(ಕುಂಚ ಒಣಗಿತ್ತು, ಮತ್ತೆ ಅದ್ದಬೇಕಾಯಿತು.)
ಮಿಕ್ಕವರು ಗೊತ್ತಿಲ್ಲ. ನನ್ನ ಕೂಲಿ ಅಕ್ಷರಕ್ಕೆ, ಆಯುಸ್ಸಿಗಲ್ಲ.

ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ:
ಹುಳು ಹಿಡಿದಿದೆಯೆಂದು ಒಮ್ಮೆ ಈ ಹಲಗೆ ಇಳಿಸಿದ್ದರು.
ಬೆನ್ನಿನಲ್ಲಿ ಅಪ್ಪನ ಪೆನ್ಸಿಲ್ಲು. ಬಣ್ಣದ ಬೆಲೆ,
ಟರ್ಪೆಂಟೈನು, ಅರ್ಧ ಡಜನ್ ಮೊಟ್ಟೆ,
ಅದರ ಕೆಳಗೆ ಒಂದೇ ಒಂದು ಹೆಸರು, ಕ್ಯಾಲಿಕೊ ಏಪ್ರನ್.
ಹಳೆಯ ಪತ್ರಿಕೆ ತಿರುವಿ ನೋಡಿದೆ: ಏಳನೆಯವಳು.
ಕಾಸೂ ಕಟ್ಟದ ಮನುಷ್ಯ. ಎಲ್ಲಿ ಕಂಡನೋ ಅವಳನ್ನು,
ಯಾಕೆ ಬರೆದನೋ.
ಹಂಸದ ಕೊರಳು ಹಾಕಿರಲಿಲ್ಲ. ಬರೀ ಅವಸರದ ಕೈ.

ಇಗ್ನೇಸಿಯಾ ಹಲ್ಲನ್ನು ಜೇಬಿಗೆ ಹಾಕಿ ಹೊರಟಳು,
ಮರಿಯ ಕಾಲಿಗೆ ತಂಪು ಮಣ್ಣು ಮೆತ್ತುವುದಿದೆಯಂತೆ.
ನಾನು ಮಿಕ್ಕ ಒಂಬತ್ತು ಮುಗಿಸಿದೆ.

ಇರುಳಿಡೀ ಒಣಗಬೇಕು.
ದೀಪಕ್ಕೆ ಬಂದ ನುಸಿಗಳು ಹಸಿ ಬಂಗಾರದ ಮೇಲೆ ಕೂತು
ಅಲ್ಲೇ ಉಳಿದುಬಿಡುತ್ತವೆ, ಪ್ರತಿ ವರ್ಷ.
ಹತ್ತಿರ ಹೋಗಿ ನೋಡಿ: ಕೆಲವು ಅಕ್ಷರಗಳ ಬಾಲ
ನನ್ನ ಕುಂಚದ್ದಲ್ಲ.